ಬೀಜಕ್ಕೆ ಒಡೆಯರುಂಟೇ?

ಒಂದು ದಿನ ವ್ಯಾಕರಣ ಪಾಠದ ನಡುವೆ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಮಾಷ್ಟ್ರೇ, ಅಜ್ಜ ತೆಗೆದಿಟ್ಟ ಬಿತ್ತಿನ ಭತ್ತಕ್ಕೂ ಪೇಟೆಂಟು ಉಂಟಾ?" ಪಾಠ ಅಲ್ಲಿಗೇ ನಿಂತಿತು.

'ತೆರೆದಿರುವುದು' ಎಂಬರ್ಥದ ಲ್ಯಾಟಿನ್ ಪದದಿಂದ ಪೇಟೆಂಟು ಎಂಬ ಮಾತು ಬಂದಿದೆ. ಹೊಸದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಸರಕಾರಕ್ಕೆ ಬರೆದು ಕೊಡಬೇಕು. ಪ್ರತಿಯಾಗಿ, ಗೊತ್ತಾದ ಅವಧಿಯವರೆಗೆ ಅವನ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಆಮೇಲೆ ಅದು ಎಲ್ಲರ ಸೊತ್ತು. ನಮ್ಮ ದೇಶದ 1970ರ ಕಾನೂನಿನಲ್ಲಿ ಈ ಅವಧಿ ಸಾಮಾನ್ಯವಾಗಿ 14 ವರ್ಷವಾಗಿತ್ತು; ಈಗ 20.

ಯಂತ್ರಕ್ಕೆ ಈ ಲೆಕ್ಕ ಸರಿ. ಆದರೆ ಯಂತ್ರ ಇನ್ನೊಂದು ಯಂತ್ರವನ್ನು ಹೆರುವುದಿಲ್ಲ. ಭತ್ತದ ತೆನೆಯಲ್ಲಿ ಈ ವರ್ಷದ ಅನ್ನವೂ ಮುಂದಿನ ವರ್ಷದ ಬಿತ್ತೂ ಒಟ್ಟಿಗೇ ಇರುತ್ತವೆ. ಪ್ರಯೋಗಶಾಲೆಗಳಲ್ಲಿ ಹೊಸ ತಳಿಗಳು ಹುಟ್ಟತೊಡಗಿದಾಗ, ಅವನ್ನು ರೂಪಿಸಿದವರಿಗೂ ರಕ್ಷಣೆ ಬೇಕೆಂಬ ಒತ್ತಾಯ ಬಂತು. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಒಪ್ಪಂದವೂ ಇದನ್ನು ಕೇಳಿತು. ಭಾರತವು ಗಿಡ, ಬೀಜಗಳನ್ನು ಪೇಟೆಂಟಿನಿಂದ ಹೊರಗಿಟ್ಟು, 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನನ್ನೇ ಮಾಡಿತು. ಅದರಂತೆ ಭತ್ತದಂತಹ ಬೆಳೆಯ ಹೊಸ ತಳಿಗೆ 15 ವರ್ಷ ರಕ್ಷಣೆಯುಂಟು. ಆದರೂ ರೈತ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಮಾರಲೂಬಹುದು. ಕಂಪೆನಿಯಂತೆ ಹೆಸರಿನ ಚೀಟಿ ಅಂಟಿಸಿ ಮಾರುವಂತಿಲ್ಲ, ಅಷ್ಟೆ. ಜಾಣತನದ ಕಾನೂನೆಂದೇ ನನ್ನ ಭಾವನೆ.

ಆದರೂ ಕೋರ್ಟಿನ ಕಟ್ಟೆ ಹತ್ತುವುದು ತಪ್ಪಲಿಲ್ಲ. 2019ರಲ್ಲಿ ಪೆಪ್ಸಿಕೋ ಕಂಪೆನಿಯು ತನ್ನ ನೋಂದಾಯಿತ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕಿ ಪರಿಹಾರ ಕೇಳಿತು. ದೇಶದಲ್ಲೆಲ್ಲ ಗದ್ದಲವಾದಾಗ ದಾವೆಯನ್ನು ಹಿಂತೆಗೆದುಕೊಂಡಿತು.

ನಮ್ಮ ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರ ಹೆಸರು ನೀವು ಕೇಳಿರಬಹುದು. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕಾಗಿ 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ತಳಿಗಳನ್ನು ಕಂಡುಹಿಡಿದವರಾರು? ಹೆಸರಿಲ್ಲದ ಎಷ್ಟೋ ತಲೆಮಾರಿನ ಗಂಡಸರು, ಹೆಂಗಸರು. ಪೇಟೆಂಟು ಕಚೇರಿಯ ಅರ್ಜಿಯಲ್ಲಿ ಅಂಥವರ ಹೆಸರು ಬರೆಯುವ ಜಾಗವಿಲ್ಲ.

ಈ ಕೊರತೆಗೆಂದೇ 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದವಾಯಿತು: ಸಸ್ಯ, ಬೀಜಗಳ ಗುಣವನ್ನು ಆಧರಿಸಿ ಪೇಟೆಂಟು ಕೇಳುವವನು ಅವು ಎಲ್ಲಿಯವೆಂದು ತಿಳಿಸಬೇಕು. ಅಷ್ಟರಲ್ಲಿ ವಿಜ್ಞಾನ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಈಗ ಬೀಜವನ್ನು ಮುಟ್ಟಬೇಕೆಂದೇ ಇಲ್ಲ. ಅದರ ವಂಶವಾಹಿಗಳ ವಿವರವನ್ನು ಕಂಪ್ಯೂಟರಿನಲ್ಲಿ ಓದಿದರೆ ಸಾಕು. ಹಾಗೆ ಓದಿ ತಳಿ ರೂಪಿಸಿದವನು ಯಾವ ಗದ್ದೆಗೆ ಋಣಿ? ಆ ಹುಡುಗ ಮುಂದೆ ಕೇಳಬಹುದಾದ ಈ ಪ್ರಶ್ನೆ ದೇಶದೇಶಗಳ ನಡುವೆ ಇನ್ನೂ ತೀರ್ಮಾನವಾಗಿಲ್ಲ.