ಮನಸ್ಸಿನ ಮಾತು ಪಕ್ಕದವರಿಗೆ ಕೇಳಿಸುತ್ತದೆಯೇ?

ಪ್ರಶ್ನೆ: ನನಗೆ 24 ವರ್ಷ. ಡಿಪ್ಲೊಮಾ ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ನಾಲ್ಕೈದು ತಿಂಗಳಿಂದ ನಾನು ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಸುತ್ತಲಿನವರಿಗೆ ಕೇಳಿಸುತ್ತಿದೆ. ಬಸ್ಸಿನಲ್ಲಿ ಯಾರನ್ನಾದರೂ ನೋಡಿ ಕೆಟ್ಟ ಯೋಚನೆ ಬಂದರೆ ಅವರು ತಕ್ಷಣ ಕೆಮ್ಮುತ್ತಾರೆ, ಇಲ್ಲವೇ ತಿರುಗಿ ನೋಡುತ್ತಾರೆ. ಕೇಳಿಸದಿರಲಿ ಎಂದು ಒಳಗೊಳಗೇ ಮಗ್ಗಿ ಹೇಳಿಕೊಳ್ಳುತ್ತಿರುತ್ತೇನೆ. ಗಿರಾಕಿ ಹೇಳಿದ್ದು ತಲೆಗೇ ಹೋಗುವುದಿಲ್ಲ, ರಾತ್ರಿ ನಿದ್ದೆಯಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಅಮ್ಮ ತಾಯತ ಕಟ್ಟಿಸಿದ್ದಾರೆ. ನನಗೆ ಹುಚ್ಚು ಹಿಡಿದಿದೆಯೇ ಡಾಕ್ಟ್ರೇ? ಅಥವಾ ನಿಜವಾಗಿಯೂ ಕೇಳಿಸುತ್ತಿದೆಯೇ? ಇದನ್ನು ಬರೆಯುವಾಗಲೂ ಪಕ್ಕದ ಕೋಣೆಯಲ್ಲಿ ಅಕ್ಕ ನಕ್ಕ ಹಾಗಾಯಿತು.
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ಕೇಳಿಸುವುದಿಲ್ಲ. ಬಸ್ಸಿನವರಿಗೂ ಇಲ್ಲ, ನಿಮ್ಮ ಅಕ್ಕನಿಗೂ ಇಲ್ಲ, ನಾಳೆ ನಿಮ್ಮನ್ನು ಪರೀಕ್ಷಿಸುವ ವೈದ್ಯರಿಗೂ ಇಲ್ಲ. ನೀವಾಗಿ ಬಾಯಿಬಿಟ್ಟರಷ್ಟೇ ನಮಗೆ ಗೊತ್ತಾಗುವುದು. ಆದರೆ ನಾನು ಹೀಗೆ ಬರೆದ ಮಾತ್ರಕ್ಕೆ ನಿಮಗೆ ನಂಬಿಕೆ ಬಂದುಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ವಾದದಿಂದ ಹೋಗುವ ತೊಂದರೆ ಇದಲ್ಲ.

'ಹುಚ್ಚು' ಎಂಬ ಮಾತನ್ನು ಬಿಡೋಣ. ನಿಮಗಾಗುತ್ತಿರುವುದು ಮನೋವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಲಕ್ಷಣ. ತನ್ನ ಯೋಚನೆ ಹೊರಗೆ ಹರಡುತ್ತಿದೆ ಎಂಬ ಈ ಅನುಭವವನ್ನು ಜರ್ಮನಿಯ ಕುರ್ಟ್ ಶ್ನೈಡರ್ ಎಂಬ ವೈದ್ಯರು 1939ರಲ್ಲೇ ಸ್ಕಿಜೋಫ್ರೇನಿಯಾದ ಮುಖ್ಯ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದರು. ಆಗ ಮೊಬೈಲೂ ಇರಲಿಲ್ಲ, ವೈಫೈಯೂ ಇರಲಿಲ್ಲ. ಇಂದು ಇದೇ ತೊಂದರೆಯವರು ಫೋನಿನಿಂದ, ಚಿಪ್ಪಿನಿಂದ ಸೋರುತ್ತಿದೆ ಎನ್ನುತ್ತಾರೆ. ನಿಮ್ಮ ತಾಯಿ ಮಾಟ ಎಂದರು. ಕಾಲಕ್ಕೆ, ಊರಿಗೆ ತಕ್ಕಂತೆ ಕಾರಣ ಬದಲಾಗುತ್ತದೆ, ಅನುಭವ ಮಾತ್ರ ಅದೇ.

ಯಾಕೆ ಹೀಗಾಗುತ್ತದೆ? ನಾವೆಲ್ಲರೂ ಒಳಗೊಳಗೆ ಮಾತಾಡಿಕೊಳ್ಳುತ್ತೇವೆ. ಅದು ತನ್ನದೇ ಮಾತು, ತನ್ನೊಳಗೇ ಇದೆ ಎಂದು ಮಿದುಳು ಗುರುತಿಟ್ಟುಕೊಂಡಿರುತ್ತದೆ. ಆ ಗುರುತು ತಪ್ಪಿದಾಗ ಒಳಗು-ಹೊರಗಿನ ಗೆರೆ ಅಳಿಸಿದಂತಾಗುತ್ತದೆ ಎಂಬುದು ಒಂದು ವಿವರಣೆ. ಇನ್ನೊಂದು, ಡೋಪಮೈನ್ ಎಂಬ ರಾಸಾಯನಿಕದ ಏರುಪೇರು. ಅದು ಹೆಚ್ಚಿದಾಗ ಏನೂ ಅಲ್ಲದ ಸಂಗತಿಯೂ ತನಗೇ ಸಂಬಂಧಪಟ್ಟದ್ದೆಂದು ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಐವತ್ತು ಜನ ತುಂಬಿದ ಮಲೆನಾಡಿನ ಬಸ್ಸಿನಲ್ಲಿ ನಿಮಿಷಕ್ಕೊಬ್ಬರು ಕೆಮ್ಮದಿದ್ದರೇ ಆಶ್ಚರ್ಯ! ಆದರೆ ನಿಮ್ಮ ಯೋಚನೆಯ ಬೆನ್ನಿಗೇ ಬಂದ ಕೆಮ್ಮು ಮಾತ್ರ ನಿಮ್ಮ ನೆನಪಿನಲ್ಲಿ ಉಳಿಯುತ್ತದೆ.

ಪತ್ರ ನೋಡಿ ಕಾಯಿಲೆಯ ಹೆಸರು ಹೇಳುವುದು ತಪ್ಪು. ಸ್ಕಿಜೋಫ್ರೇನಿಯಾ ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ, ಅಷ್ಟೇನೂ ಅಪರೂಪದ ಕಾಯಿಲೆಯಲ್ಲ. ಆದರೆ ಇಂಥ ಲಕ್ಷಣ ಗಾಂಜಾ ಸೇದುವವರಲ್ಲಿ, ಉನ್ಮಾದ ಅಥವಾ ತೀವ್ರ ಖಿನ್ನತೆಯಲ್ಲಿ, ಕೆಲವೊಮ್ಮೆ ಮಿದುಳಿನ ಬೇರೆ ಕಾಯಿಲೆಗಳಲ್ಲೂ ಕಾಣುತ್ತದೆ. ಸೇದುವ ಅಭ್ಯಾಸವಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ಅದರ ಮೇಲೆ ಚಿಕಿತ್ಸೆಯೇ ಬದಲಾಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ.

ಮಾತ್ರೆ ಬಹುಶಃ ಬೇಕಾಗುತ್ತದೆ. ರಿಸ್ಪೆರಿಡೋನ್, ಒಲಾಂಜಪಿನ್‌ನಂಥವು ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತವೆ. ನಿದ್ದೆ ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ. ನಂಬಿಕೆ ಸಡಿಲಾಗಲು ವಾರಗಳು ಹಿಡಿಯುತ್ತವೆ. ಒಮ್ಮೆಲೇ ಹೋಗುವುದಿಲ್ಲ, ಮೊದಲು 'ಕೇಳಿಸಿದರೆ ಕೇಳಿಸಲಿ ಬಿಡು' ಎನ್ನುವಷ್ಟು ಧೈರ್ಯ ಬರುತ್ತದೆ, ಅನುಮಾನ ಆಮೇಲೆ ಕರಗುತ್ತದೆ. ತೂಕ ಏರುವುದು, ತೂಕಡಿಕೆ, ಕೈ ನಡುಕ, ಕೂತಲ್ಲಿ ಕೂರಲಾಗದ ಚಡಪಡಿಕೆ ಇವುಗಳಲ್ಲಿ ಯಾವುದೇ ಬಂದರೂ ಹೇಳಿ. ಮಾತ್ರೆ ಬದಲಿಸಬಹುದು, ಪ್ರಮಾಣ ಇಳಿಸಬಹುದು. ವಾಸಿಯಾಯಿತೆಂದು ನೀವೇ ನಿಲ್ಲಿಸುವುದು ಮಾತ್ರ ಬೇಡ. ಕಾಯಿಲೆ ಮರುಕಳಿಸುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಅದೇ.

ಮಗ್ಗಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ದಣಿಸುತ್ತಿರುವುದು ಅದು. ಮಗ್ಗಿ ಹೇಳಿದ್ದರಿಂದಲೇ ಯೋಚನೆ ಕೇಳಿಸಲಿಲ್ಲ ಎಂದು ನೀವು ಅಂದುಕೊಳ್ಳುತ್ತೀರಿ. ಹಾಗಾಗಿ, ಹೇಳದಿದ್ದರೂ ಏನೂ ಆಗುವುದಿಲ್ಲ ಎಂಬುದು ನಿಮಗೆ ಎಂದೂ ತಿಳಿಯುವುದೇ ಇಲ್ಲ. ಮನೋಚಿಕಿತ್ಸಕರು ಇದನ್ನು ನಿಮ್ಮ ಜೊತೆ ಕೂತು ಸ್ವಲ್ಪಸ್ವಲ್ಪವಾಗಿ ಬಿಡಿಸುತ್ತಾರೆ. 'ಮೇಜಿನ ಮೇಲಿನ ಪೆನ್ನು ನನಗೆ ಕೊಡಿ' ಎಂದು ಮನಸ್ಸಿನಲ್ಲೇ ಜೋರಾಗಿ ಅಂದುಕೊಳ್ಳಿ, ನಾನು ಕೊಡುತ್ತೇನೋ ನೋಡೋಣ ಎಂಬಂಥ ಪರೀಕ್ಷೆಗಳನ್ನೂ ಮಾಡಿಸುತ್ತಾರೆ. ಇದನ್ನು ಒಬ್ಬರೇ ಬಸ್ಸಿನಲ್ಲಿ ಮಾಡಲು ಹೋಗಬೇಡಿ; ಅಲ್ಲಿ ಯಾರೋ ಕೆಮ್ಮಿಬಿಡುತ್ತಾರೆ.

ತಾಯತ ಇರಲಿ, ಅಮ್ಮನ ಜೊತೆ ಜಗಳ ಬೇಡ. ಅವರನ್ನೋ ಅಕ್ಕನನ್ನೋ ಕರೆದುಕೊಂಡು ಈ ವಾರವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ ಟೆಲಿಮನಸ್ ಸಹಾಯವಾಣಿ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ, ಅಥವಾ 'ಹೀಗೆ ಮಾಡು' ಎಂದು ಆಜ್ಞಾಪಿಸುವ ದನಿ ಕೇಳಿಸಿದರೆ ವಾರ ಕಾಯಬೇಡಿ, ಅದೇ ದಿನ ಹೋಗಿ.

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನ್ನ ಮಗಳಿಗೆ 31 ವರ್ಷ. ಇದೇ ತೊಂದರೆಗೆ ಎರಡು ವರ್ಷದಿಂದ ಗುಳಿಗೆ ನಡೆದಿವೆ, ಬಹಳ ಸುಧಾರಿಸಿದ್ದಾಳೆ, ಹೊಲಿಗೆ ಕೆಲಸ ಮಾಡುತ್ತಾಳೆ. ಆದರೂ ಒಮ್ಮೊಮ್ಮೆ, "ಅವ್ವಾ, ನಾ ಈಗ ಮನಸಿನ್ಯಾಗ ಅಂದದ್ದು ನಿನಗ ಕೇಳಿಸಿತೇನ?" ಅಂತ ಕೇಳುತ್ತಾಳೆ. ಇಲ್ಲ ಅಂದರೆ ಸುಳ್ಳು ಹೇಳ್ತಿ ಅಂತ ಸಿಟ್ಟು. ಹೌದು ಅಂದರೆ ಸುಮ್ಮನಾಗುತ್ತಾಳೆ. ಏನು ಹೇಳಲಿ? ಈಗೀಗ ಗುಳಿಗೆ ಬೇಡ ಅನ್ನುತ್ತಾಳೆ. ಸಾರಿನಲ್ಲಿ ಪುಡಿ ಮಾಡಿ ಹಾಕು ಎಂದು ಬೀಗರೊಬ್ಬರು ಹೇಳಿದರು.
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: 'ಹೌದು' ಎನ್ನಬೇಡಿ ಅಮ್ಮಾ. ಆ ಹೊತ್ತಿಗೆ ಅವಳು ಸುಮ್ಮನಾದರೂ ಅವಳ ನಂಬಿಕೆಗೆ ನೀವೇ ಸಾಕ್ಷಿ ನಿಂತಂತಾಗುತ್ತದೆ. ಹಾಗೆಂದು ವಾದಕ್ಕೂ ಇಳಿಯಬೇಡಿ. "ನನಗೇನೂ ಕೇಳಿಸಲಿಲ್ಲವ್ವ. ಆದರ ನಿನಗ ಹಂಗ ಅನಸ್ತೈತಿ, ಹೆದರಿಕಿ ಆಗ್ತೈತಿ ಅನ್ನೂದು ನನಗ ಗೊತ್ತೈತಿ" ಎಂದು ಒಂದೇ ಸಲ ಹೇಳಿ, ಅವಳನ್ನು ಕೈಯಲ್ಲಿರುವ ಕೆಲಸಕ್ಕೆ ಹಚ್ಚಿ. ಸಿಟ್ಟು ಮಾಡಿದರೆ ಮಾಡಲಿ. ಚಿಕಿತ್ಸೆ ನಡೆದಿದ್ದರೂ ಕೆಲವರಲ್ಲಿ ಈ ಅನುಮಾನ ಸಣ್ಣಗೆ ಉಳಿದೇ ಇರುತ್ತದೆ, ಅದನ್ನು ಇಟ್ಟುಕೊಂಡೇ ದುಡಿಯುತ್ತಾರೆ, ಮನೆ ನಡೆಸುತ್ತಾರೆ. ಹೊಲಿಗೆ ನಿಲ್ಲದಂತೆ ನೋಡಿಕೊಳ್ಳಿ. ಆದರೆ ಪ್ರಶ್ನೆ ದಿನಕ್ಕೆ ಹತ್ತು ಸಲ ಬರತೊಡಗಿದರೆ, ನಿದ್ದೆ ಕೆಟ್ಟರೆ, ವೈದ್ಯರನ್ನು ಬೇಗ ಕಾಣಿ.

ಸಾರಿನಲ್ಲಿ ಪುಡಿ ಖಂಡಿತ ಬೇಡ. ಮನಸ್ಸೇ ತೆರೆದುಬಿದ್ದಿದೆ ಎಂದು ಹೆದರಿದವಳಿಗೆ ಒಂದು ದಿನ ಊಟದಲ್ಲೂ ಮೋಸ ಎಂದು ಗೊತ್ತಾದರೆ ಆ ಅನುಮಾನ ನಿಜವೇ ಆಗಿಬಿಡುತ್ತದೆ. ಆಮೇಲೆ ನಿಮ್ಮ ಕೈಯ ನೀರನ್ನೂ ಮುಟ್ಟಲಿಕ್ಕಿಲ್ಲ. ಗುಳಿಗೆ ಯಾಕೆ ಬೇಡ ಎಂದು ಅವಳನ್ನೇ ಕೇಳಿ. ತೂಕ ಹೆಚ್ಚಿದ್ದಕ್ಕೆ, ಮುಟ್ಟು ನಿಂತದ್ದಕ್ಕೆ ಹೆಣ್ಣುಮಕ್ಕಳು ಹೇಳದೆಯೇ ಬಿಡುವುದುಂಟು. ಎರಡೂ ಇಂಥ ಗುಳಿಗೆಗಳಿಂದ ಆಗಬಹುದು, ಎರಡಕ್ಕೂ ಪರಿಹಾರವಿದೆ. ದಿನಾ ನುಂಗುವುದೇ ಬೇಸರವಾಗಿದ್ದರೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ, ಅಲ್ಲಿ ವಿಚಾರಿಸಿ. ಮಗಳನ್ನೂ ಜೊತೆಗೆ ಕರೆದೊಯ್ಯಿರಿ, ಇಂಜೆಕ್ಷನ್ ಬೇಕೋ ಬೇಡವೋ ಅವಳೇ ಹೇಳಲಿ.