ಬೂದಿಯ ಹಿಂದೆ ಹೋಗಬೇಡಮ್ಮ

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಿಬಿಡಬಹುದಿತ್ತು. ನನ್ನ ಬಳಿ ಓದಿದವಳು ಈಗ ಅದೇ ಪಾಠ ಮಾಡಲು ಹೊರಟಿದ್ದೀಯಲ್ಲ, ಕೂತು ಬರೆಯೋಣ ಅನಿಸಿತು. ಸೋಮವಾರ ಜ್ವಾಲಾಮುಖಿ ಪಾಠ, ಸ್ಮಾರ್ಟ್ ಬೋರ್ಡಿನಲ್ಲಿ ಯಾವ ವಿಡಿಯೊ ಹಾಕಲಿ ಅಂದೆ. ಲಾವಾ ಹರಿಯುವುದನ್ನೇ ಹಾಕು, ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಆದರೆ ಎರಡು ನಿಮಿಷಕ್ಕೆ ನಿಲ್ಲಿಸಿಬಿಡು. ಆ ಕೆಂಪು ಹೊಳೆ ಸುಡುವುದು ತನ್ನ ದಾರಿಯಲ್ಲಿರುವ ಊರನ್ನು ಮಾತ್ರ. ಇಡೀ ಲೋಕದ ಹವೆ ಕೆಡಿಸುವುದು ಕಣ್ಣಿಗೆ ಕಾಣದ ಬೇರೆಯದೇ ಒಂದು.

ನಾನು ಇದನ್ನು ತಪ್ಪು ಹೇಳಿಕೊಟ್ಟವನು. ಬೂದಿ ಮೇಲೆ ಹೋಗಿ ಸೂರ್ಯನನ್ನು ಮುಚ್ಚುತ್ತದೆ, ಅದಕ್ಕೇ ಭೂಮಿ ತಣ್ಣಗಾಗುತ್ತದೆ ಅಂತ ಎಷ್ಟೋ ವರ್ಷ ನೋಟ್ಸ್ ಬರೆಸಿದೆ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ‘ಸಾರ್, ಬೂದಿ ನಾಲ್ಕು ದಿನಕ್ಕೆ ಕೆಳಗೆ ಬೀಳಲ್ವಾ, ಮತ್ತೆ ಎರಡು ವರ್ಷ ತಣ್ಣಗಿರೋದು ಹೇಗೆ?’ ಅಂದ. ಪುಸ್ತಕದಲ್ಲಿ ಇರೋದನ್ನ ಬರ್ಕೋ ಅಂತ ಕೂರಿಸಿದೆ. ಅವನು ಕೇಳಿದ್ದೇ ಸರಿ. ನನಗೆ ಉತ್ತರ ತಿಳಿಯುವ ಹೊತ್ತಿಗೆ ಅವನು ಶಾಲೆ ಬಿಟ್ಟು ಹೋಗಿದ್ದ. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ನಿನ್ನ ತರಗತಿಯಲ್ಲೂ ಅಂಥವನೊಬ್ಬ ಇರುತ್ತಾನೆ ತಾಯಿ, ಅವನನ್ನು ಕೂರಿಸಬೇಡ.

ಅವನಿಗಾಗಿ ಬೋರ್ಡಿನ ಮೇಲೆ ಎರಡು ಹೆಸರು ಬರೆ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಸಿಡಿದಾಗ ಬೆಟ್ಟದ ಒಂದು ಮಗ್ಗುಲೇ ಕುಸಿಯಿತು, ಹಲವು ರಾಜ್ಯಗಳ ಮೇಲೆ ಬೂದಿ ಸುರಿಯಿತು. ಲೋಕದ ಹವೆಗೆ ಆದದ್ದು ಏನೂ ಇಲ್ಲವೆನ್ನುವಷ್ಟು ಕಡಿಮೆ. 1982ರಲ್ಲಿ ಮೆಕ್ಸಿಕೊದ ಎಲ್ ಚಿಚೋನ್ ಸಿಡಿಯಿತು, ಗಾತ್ರದಲ್ಲಿ ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ಗಂಧಕ ತುಂಬಿದ್ದ ಬೆಟ್ಟ. ಮೊದಲನೆಯದು ಸುಮಾರು 10 ಲಕ್ಷ ಟನ್ ಸಲ್ಫರ್ ಡೈಆಕ್ಸೈಡ್, ಅಂದರೆ ಗಂಧಕದ ಅನಿಲ, ಉಗುಳಿದರೆ ಇದು ಸುಮಾರು 70 ಲಕ್ಷ ಟನ್ ಉಗುಳಿತು, ಅದೂ ತೀರ ಎತ್ತರಕ್ಕೆ. ಅದರ ಮಬ್ಬು ಭೂಮಿಯನ್ನೇ ಸುತ್ತಿತು. ಗಂಧಕ ಎಷ್ಟು, ಎಷ್ಟು ಎತ್ತರಕ್ಕೆ ಹೋಯಿತು? ಯಾವ ಜ್ವಾಲಾಮುಖಿಯ ಸುದ್ದಿ ಬಂದರೂ ಮಕ್ಕಳು ಮೊದಲು ಕೇಳಬೇಕಾದದ್ದು ಇವೆರಡು.

ಆಮೇಲೆ ಪಿನಾಟುಬೊಗೆ ಬಾ. ಅದಕ್ಕೆ ಇಡೀ ಪಿರಿಯಡ್ ಕೊಟ್ಟರೂ ನಷ್ಟವಿಲ್ಲ. ಫಿಲಿಪ್ಪೀನ್ಸ್‌ನ ಲುಝಾನ್ ದ್ವೀಪ, 1991ರ ಜೂನ್ 15. ವಿಜ್ಞಾನಿಗಳು ವಾರಗಟ್ಟಲೆ ಕಾವಲು ಕೂತು ಎಚ್ಚರಿಸಿದ್ದರಿಂದ ಸಾವಿರಾರು ಜೀವ ಉಳಿಯಿತು. ಆದರೂ ಅದೇ ದಿನ ಚಂಡಮಾರುತ ಬಂದು, ಮಾಡಿನ ಮೇಲೆ ಬಿದ್ದ ಬೂದಿ ನೆಂದು ಹಸಿ ಸಿಮೆಂಟಿನ ಹಾಗೆ ಭಾರವಾಯಿತು. ಮಾಡು ಕುಸಿದು ನೂರಾರು ಜನ ಸತ್ತರು. ಬೂದಿ ಏನೂ ಮಾಡದು ಎಂದು ನಾನು ಹೇಳುತ್ತಿಲ್ಲ. ಬುಡದಲ್ಲಿದ್ದವರಿಗೆ ಬೂದಿಯೇ ಯಮ.

ಆದರೆ ಮೇಲೆ, ಸುಮಾರು 35 ಕಿಲೋಮೀಟರ್‌ವರೆಗಿನ ಎತ್ತರಕ್ಕೆ, ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಹೋಗಿ ಸೇರಿತು. ಅದು ಅಲ್ಲಿನ ನೀರಾವಿಯೊಡನೆ ಕೂಡಿ ಗಂಧಕಾಮ್ಲದ ಹನಿಯಾಗುತ್ತದೆ. ಒಂದೊಂದು ಹನಿ ತಲೆಗೂದಲ ದಪ್ಪದ ನೂರರಲ್ಲೊಂದು ಪಾಲು. ಇದೇ ಹನಿ ನಮ್ಮ ಮೋಡಗಳಿರುವ ಪರಿವರ್ತನಾ ಮಂಡಲದಲ್ಲಿದ್ದರೆ ಕೆಲವೇ ದಿನಗಳಲ್ಲಿ ಮಳೆ ತೊಳೆದು ಹಾಕುತ್ತಿತ್ತು. ಮೇಲಿನ ಸಮೋಷ್ಣ ಮಂಡಲದಲ್ಲಿ ಮಳೆಯೇ ಇಲ್ಲವಲ್ಲ, ತೊಳೆಯುವವರು ಯಾರು? ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು. ಸುಮಾರು ಮೂರು ವಾರಕ್ಕೆ ಆ ಮಬ್ಬು ಭೂಮಿಯನ್ನು ಒಂದು ಸುತ್ತು ಹಾಕಿತು. ಮರುವರ್ಷ ಜಗತ್ತಿನ ಸರಾಸರಿ ತಾಪಮಾನ ಅರ್ಧ ಡಿಗ್ರಿಯಷ್ಟು ಇಳಿಯಿತು. ಮಬ್ಬು ಕೂತ ಪದರ ಮಾತ್ರ ತಾನೇ ಶಾಖ ಹೀರಿ ಬಿಸಿಯಾಯಿತು, ಓಝೋನ್ ಕೂಡ ತೆಳುವಾಯಿತು.

ಇದನ್ನು ಬಾಯಲ್ಲಿ ಹೇಳಿದರೆ ನಾಟುವುದಿಲ್ಲ. ಒಂದು ಗಾಜಿನ ಲೋಟದ ತುಂಬ ನೀರು ತೆಗೆದುಕೋ, ನಾಲ್ಕೇ ಹನಿ ಹಾಲು ಬಿಡು. ಕಿಟಕಿ ಮುಚ್ಚಿ ಒಂದು ಕಡೆಯಿಂದ ಟಾರ್ಚ್ ಹಾಯಿಸು. ಪಕ್ಕದಿಂದ ನೋಡಿದವರಿಗೆ ನೀರು ನಸುನೀಲಿಯಾಗಿ ಬೆಳಗುತ್ತದೆ. ಎದುರಿನಿಂದ ನೋಡಿದವರಿಗೆ ಟಾರ್ಚಿನ ಬೆಳಕು ಮಂಕಾಗಿ ಅರಿಶಿನಕ್ಕೆ ತಿರುಗಿರುತ್ತದೆ. ನೆಟ್ಟಗೆ ಬರುವ ಬೆಳಕನ್ನು ಹನಿಗಳು ದಿಕ್ಕುದಿಕ್ಕಿಗೆ ಚೆದುರಿಸಿದವು, ಒಂದಷ್ಟನ್ನು ಹಿಂದಕ್ಕೂ ಅಟ್ಟಿದವು. ಹಾಗೆ ಹಿಂದಕ್ಕೆ ಹೋದದ್ದೇ ನೆಲಕ್ಕೆ ಖೋತಾ ಆದ ಬಿಸಿಲು. ಲೋಟ ಕೈಯಿಂದ ಕೈಗೆ ಹೋಗಲಿ, ಅವಸರ ಮಾಡಬೇಡ. ಆಗ ಈ ಸಂಗತಿ ಹೇಳು: 1883ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದ ಕ್ರಕಟೋವ ಸಿಡಿದ ಮೇಲೆ, ಸೆಪ್ಟೆಂಬರಿನಲ್ಲಿ ಮದರಾಸು, ಸಿಂಹಳದ ಜನ ಅದರ ಮಬ್ಬಿನ ಮೂಲಕ ಹಸಿರು ಸೂರ್ಯನನ್ನು ಕಂಡರು.

ಇಷ್ಟೆಲ್ಲ ಕೇಳಿದ ಮೇಲೆ ಮಕ್ಕಳಲ್ಲಿ ಯಾರಾದರೊಬ್ಬರು ಜ್ವಾಲಾಮುಖಿಗಳೇ ನಮಗಿಂತ ಹೆಚ್ಚು ಇಂಗಾಲ ಬಿಡುತ್ತವಂತೆ ಅಂದಾರು. ಅದು ಸುಳ್ಳು. ಎಲ್ಲ ಜ್ವಾಲಾಮುಖಿಗಳೂ ಸೇರಿ ಒಂದು ವರ್ಷಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್ ನಾವು ಬಿಡುವುದರ ನೂರರಲ್ಲೊಂದು ಪಾಲಿಗೂ ಕಡಿಮೆ.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಹಾಗಾದರೆ ನಾವೇ ವಿಮಾನದಲ್ಲಿ ಗಂಧಕ ಒಯ್ದು ಚೆಲ್ಲಿ ಭೂಮಿಯನ್ನು ತಂಪು ಮಾಡಬಾರದೇ, ಮಿಸ್? ಹುಡುಗಾಟದ ಮಾತೆಂದು ತಳ್ಳಿಹಾಕಬೇಡ, ದೊಡ್ಡ ವಿಜ್ಞಾನಿಗಳೇ ಇದನ್ನು ಚರ್ಚಿಸುತ್ತಿದ್ದಾರೆ. ಆಗ ಮಳೆಯ ಲೆಕ್ಕ ತೆಗೆ. ಪಿನಾಟುಬೊ ಆದ ಮರುವರ್ಷ ನೆಲದ ಮೇಲೆ ಬೀಳುವ ಮಳೆ ಜಗತ್ತಿನಾದ್ಯಂತ ಎದ್ದುಕಾಣುವಷ್ಟು ತಗ್ಗಿತು. ಅದರಲ್ಲಿ ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೊದ ಪಾಲೂ ಇತ್ತು, ನಿಜ. ಆದರೆ ಬಿಸಿಲು ಕಡಿಮೆಯಾದರೆ ಕಡಲಿನಿಂದ ಏಳುವ ಆವಿಯೂ ಕಡಿಮೆ. ಜೊತೆಗೆ ಕಡಲಿಗಿಂತ ನೆಲ ಬೇಗ ತಣಿಯುತ್ತದೆ. ಮುಂಗಾರನ್ನು ಒಳಗೆ ಸೆಳೆಯುವುದೇ ಕಾದ ನೆಲವಲ್ಲವೇ? 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೊರಾ ಸಿಡಿದಾಗ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಪೈರು ಕೊಳೆತು ಜನ ಹಸಿದರು, ಅಮೆರಿಕದ ಈಶಾನ್ಯದಲ್ಲಿ ಜೂನ್‌ನಲ್ಲಿ ಹಿಮ ಬಿತ್ತು. ಇತ್ತ ಭಾರತದ ಮುಂಗಾರಿನ ತಾಳವೂ ತಪ್ಪಿತು.

ನಿನ್ನ ತರಗತಿಯ ಅರ್ಧ ಮಕ್ಕಳ ಮನೆಯಲ್ಲಿ ರಾಗಿ ಹೊಲ ಇದೆ ಅಂದಿದ್ದೆ. ಬೋರ್ಡಿನ ಒಂದು ಕಡೆ ಅರ್ಧ ಡಿಗ್ರಿ ತಂಪು ಅಂತ ಬರೆ, ಇನ್ನೊಂದು ಕಡೆ ಮಳೆ ಅಂತ ಬರೆ. ವಿಮಾನ ಹತ್ತಿಸಬೇಕೋ ಬೇಡವೋ, ಅದನ್ನು ಆ ಮಕ್ಕಳೇ ಮಾತಾಡಲಿ. ನೀನು ಪಕ್ಕದಲ್ಲಿ ನಿಂತು ಕೇಳಿಸಿಕೋ.