ಬಿಸಿಲಿನ ಬಾಡಿಗೆ ಯಾರಿಗೆ?



‘ಬುದ್ಧ ಮತ್ತು ಆತನ ಧಮ್ಮ’ದ ರೋಹಿಣಿ ನದಿ ಪ್ರಸಂಗ ನಮಗೆಲ್ಲ ಗೊತ್ತು. ನೀರು ಶಾಕ್ಯ, ಕೋಲಿಯರ ಹೊಲಕ್ಕೆ. ಬಡಿದಾಡಿ ಗಾಯಗೊಂಡವರು ಎರಡೂ ಕಡೆಯ ಆಳುಗಳು. ಆಳಿನ ಪಾಲಿನ ಮಾತೇ ಆ ಜಗಳದಲ್ಲಿಲ್ಲ.

ಈಗ ಬಿಸಿಲಿಗೂ ಬೆಲೆ ಬಂದಿದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದರು. ಬರದ ಸೀಮೆಯ ರೈತನಿಗೆ ಅದು ಆಸರೆಯೇ, ಅಲ್ಲಗಳೆಯಲಾರೆ. ಆದರೆ ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ಬದುಕಿದ್ದವಳ ಕೂಲಿ ಹೋಯಿತು. ಪ್ಯಾನಲ್ ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಸಿಕ್ಕಿದ್ದು ಕೆಲವರಿಗಷ್ಟೆ.

ಬಾಬಾಸಾಹೇಬರು ಕರೆಂಟಿನ ವಿರೋಧಿಯಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ನೀರಾವರಿ, ವಿದ್ಯುತ್ತಿನ ಹೊಣೆ ಹೊತ್ತವರೇ ಅವರು. ಶಹಾಪುರ, ಸುರಪುರ ಕಡೆಯ ನಮ್ಮವರು ಹೆಚ್ಚಿನಂಶ ಹತ್ತಿ ಬಿಡಿಸಿ ಹೊಟ್ಟೆ ಹೊರೆಯುವವರು. ಹೊಲದಲ್ಲಿ ಕೆಲಸ ತಪ್ಪಿದರೆ ಬೆಂಗಳೂರಿಗೆ ಗುಳೆ. ನನ್ನ ತರಗತಿಯ ಹಾಜರಿ ಪುಸ್ತಕವೇ ಅದನ್ನು ಹೇಳುತ್ತದೆ. ನಮ್ಮೂರಿಗೂ ಇಂಥ ಪಾರ್ಕ್ ಬಂದರೆ ಪಹಣಿ ಇಲ್ಲದವರ ಪಾಲೆಷ್ಟು ಎಂಬುದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಮೊದಲು ಬರೆಸಬೇಕು.

ಭಾನುವಾರ ವಿಹಾರದಲ್ಲಿ ರೋಹಿಣಿ ಭಾಗ ಮತ್ತೆ ಓದೋಣ. ಕೂಲಿಗೆ ಹೋಗುವ ತಾಯಂದಿರನ್ನೂ ಕರೆತನ್ನಿ.